ಫೋನ್‌ನಲ್ಲೇ ಮೀಟಿಂಗ್ ಮುಗಿದರೆ ನೋಟ್ಸ್ ಮಾಡಿಕೊಳ್ಳುವುದು ಹೇಗೆ?

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಲಿಫ್ಟ್ ರಿಪೇರಿಯವರ ಜೊತೆ ಅರ್ಧ ಗಂಟೆ ಫೋನ್‌ನಲ್ಲಿ ಮಾತಾಡುತ್ತಾರೆ. ರೇಟು, ವಾರಂಟಿ, ಕೆಲಸ ಶುರುವಾಗುವ ದಿನ, ಎಲ್ಲವೂ ಮಾತಾಗುತ್ತದೆ. ಫೋನ್ ಇಟ್ಟ ಮೇಲೆ ಅನುಮಾನ ಶುರು: ಅಡ್ವಾನ್ಸ್ ‘ಫಿಫ್ಟೀನ್ ಪರ್ಸೆಂಟ್’ ಅಂದರೋ, ‘ಫಿಫ್ಟಿ’ ಅಂದರೋ? ಕಾಲ್ ರೆಕಾರ್ಡಿಂಗ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಮೊದಲ ಕೆಲಸ, ಕೇಳುವುದು. ‘ಸರ್, ನೋಟ್ಸ್ ಬರ್ಕೊಳ್ಳೋಕೆ ಕಾಲ್ ರೆಕಾರ್ಡ್ ಮಾಡ್ಕೋತೀನಿ, ಪರವಾಗಿಲ್ವಾ?’ ಅಂದರೆ ಸಾಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಅದನ್ನು ಬಿಟ್ಟು ನೋಡಿದರೂ, ಕದ್ದು ರೆಕಾರ್ಡ್ ಮಾಡಿದ್ದು ಗೊತ್ತಾದರೆ ಆಮೇಲೆ ಯಾರೂ ನಿಮ್ಮ ಜೊತೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಬೇಡ ಅಂದರೆ ಬಿಡಿ, ಪೆನ್ನು ಹಿಡಿಯಿರಿ.

ಬಟನ್ ಎಲ್ಲಿದೆ?

ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ ಗೂಗಲ್‌ನ ‘ಫೋನ್’ ಆ್ಯಪ್ ಇದ್ದರೆ, ಆ ಕಡೆಯವರು ಕರೆ ಎತ್ತಿದ ಮೇಲೆ ಪರದೆಯಲ್ಲಿ ‘ರೆಕಾರ್ಡ್’ ಬಟನ್ ಹುಡುಕಿ, ಒತ್ತಿ. ರೆಕಾರ್ಡ್ ಆಗುತ್ತಿದೆ ಎಂಬ ಸೂಚನೆ ಇಬ್ಬರಿಗೂ ಕೇಳಿಸುತ್ತದೆ. ಕರೆ ಮುಗಿದ ಮೇಲೆ ಆಡಿಯೊ ಕಾಲ್ ಹಿಸ್ಟರಿಯಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ರೆಕಾರ್ಡಿಂಗ್‌ಗಳು 7, 14 ಅಥವಾ 30 ದಿನಕ್ಕೆ ತಾವಾಗೇ ಅಳಿಯುವ ಆಯ್ಕೆ ಈ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿದೆ. ಅದು ಆನ್ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಸ್ಯಾಮ್‌ಸಂಗ್‌ನಲ್ಲಿ ಫೋನ್ ಆ್ಯಪ್‌ನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ‘ರೆಕಾರ್ಡ್ ಕಾಲ್ಸ್’ಗೆ ಹೋಗಿ. ಎಲ್ಲ ಕರೆಯೂ ತಾನಾಗೇ ರೆಕಾರ್ಡ್ ಆಗುವಂತೆ ಇಡಬಹುದು, ಆದರೆ ಹಾಗೆ ಮಾಡಬೇಡಿ. ಮನೆಯವರ ಮಾತು, ಬ್ಯಾಂಕಿನ ಮಾತು ಎಲ್ಲ ಸುಮ್ನೆ ಫೋನ್‌ನಲ್ಲಿ ತುಂಬಿಕೊಳ್ಳುತ್ತದೆ.

ಐಫೋನ್‌ಗೆ ಈ ಸೌಲಭ್ಯ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಐಒಎಸ್ 18.1 ಎಂಬ ಸಾಫ್ಟ್‌ವೇರ್ ಅಪ್‌ಡೇಟ್ ಜೊತೆ. ಇಲ್ಲೂ ಇಬ್ಬರಿಗೂ ಸೂಚನೆ ಕೇಳಿಸುತ್ತದೆ. ರೆಕಾರ್ಡಿಂಗ್ ‘ನೋಟ್ಸ್’ ಆ್ಯಪ್‌ನಲ್ಲಿ ಕೂರುತ್ತದೆ.

ಪ್ಲೇ ಸ್ಟೋರ್‌ನಲ್ಲಿ ಬೇರೆ ರೆಕಾರ್ಡಿಂಗ್ ಆ್ಯಪ್ ಹುಡುಕಿ ಸಮಯ ಕಳೆಯಬೇಡಿ. ಆ್ಯಕ್ಸೆಸಿಬಿಲಿಟಿ ಅನುಮತಿ (ಅಂಗವಿಕಲರಿಗೆ ಫೋನ್ ಬಳಸಲು ನೆರವಾಗಲೆಂದು ಇರುವುದು) ಬಳಸಿ ಕರೆ ರೆಕಾರ್ಡ್ ಮಾಡುವುದನ್ನು ಗೂಗಲ್ 2022ರ ಮೇ 11ರಿಂದ ಅಲ್ಲಿ ನಿಲ್ಲಿಸಿದೆ. ಯಾರೋ ಕಳಿಸಿದ ಲಿಂಕಿನಿಂದ ಇಂಥ ಆ್ಯಪ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ವಾಟ್ಸ್‌ಆ್ಯಪ್ ಕರೆ ಆದರೆ ಸ್ಪೀಕರ್ ಹಾಕಿ, ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ಅದರ ವಾಯ್ಸ್ ರೆಕಾರ್ಡರ್ ಆನ್ ಮಾಡಿ. ಫ್ಯಾನ್ ಆಫ್ ಮಾಡಿದರೆ ಮಾತು ಸ್ಪಷ್ಟವಾಗಿರುತ್ತದೆ.

ನೋಟ್ಸ್ ಬರೆಯುವುದು

ರೆಕಾರ್ಡ್ ಆಗುತ್ತಿದೆಯಲ್ಲ ಅಂತ ಕೈಕಟ್ಟಿ ಕೂತರೆ ಕೆಲಸ ಕೆಡುತ್ತದೆ. ಅರ್ಧ ಗಂಟೆಯ ಆಡಿಯೊವನ್ನು ಪೂರ್ತಿ ಮತ್ತೆ ಕೇಳುವಷ್ಟು ಪುರಸೊತ್ತು ಯಾರಿಗಿದೆ? ಅದಕ್ಕೇ ಮಾತಾಡುವಾಗ ಪಕ್ಕದಲ್ಲಿ ಒಂದು ಹಾಳೆ ಇರಲಿ. ಮುಖ್ಯ ವಿಷಯ ಬಂದಾಗ ಪರದೆಯ ಮೇಲೆ ಓಡುವ ಕರೆಯ ಸಮಯ ನೋಡಿ ಗುರುತು ಹಾಕಿ: ‘12:40 ಅಡ್ವಾನ್ಸ್’, ‘21:05 ವಾರಂಟಿ’. ಆಮೇಲೆ ಅಷ್ಟನ್ನೇ ಕೇಳಿದರೆ ಆಯಿತು. ರೆಕಾರ್ಡಿಂಗ್ ಸ್ವಲ್ಪ ತಡವಾಗಿ ಶುರುವಾಗಿದ್ದರೆ ಅಷ್ಟು ಸೆಕೆಂಡು ಕಳೆಯಿರಿ.

ಫೋನ್ ಇಡುವ ಮೊದಲು ಒಪ್ಪಿದ್ದನ್ನೆಲ್ಲ ಒಮ್ಮೆ ಜೋರಾಗಿ ಹೇಳಿ. ‘ಅಂದರೆ ಅಡ್ವಾನ್ಸ್ ನೂರಕ್ಕೆ ಹದಿನೈದು, ಅಲ್ವಾ?’ ‘ಮುಂದಿನ ಶುಕ್ರವಾರ ಅಂದ್ರಲ್ಲ, ತಾರೀಕು ಎಷ್ಟು?’ ಅವರು ಹೂಂ ಅಂದದ್ದೂ ರೆಕಾರ್ಡ್ ಆಗಿರುತ್ತದೆ. ಇಡೀ ಆಡಿಯೊದಲ್ಲಿ ಜಾಸ್ತಿ ಬೆಲೆ ಇರುವುದು ಈ ಕೊನೆಯ ಎರಡು ನಿಮಿಷಕ್ಕೇ.

ಮಾತನ್ನು ತಾನೇ ಬರಹ ಮಾಡಿಕೊಡುವ ಸೌಲಭ್ಯ ಕೆಲವು ಫೋನ್‌ಗಳಲ್ಲಿದೆ. ಆದರೆ ನಾವು ಮಾತಾಡುವ ಕನ್ನಡ-ಇಂಗ್ಲಿಷ್ ಬೆರಕೆಗೆ ಅದನ್ನು ನಂಬಿ ಕೂರಬೇಡಿ. ಇಯರ್‌ಫೋನ್ ಹಾಕಿ ಗುರುತಿಟ್ಟ ಜಾಗ ಕೇಳಿ, ಆಡಿಯೊ ನಿಲ್ಲಿಸಿ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಆರಿಸಿ, ಮೈಕ್ ಒತ್ತಿ, ಸಾರಾಂಶವನ್ನು ನೀವೇ ಹೇಳಿ. ಅಕ್ಷರ ತಾನಾಗೇ ಮೂಡುತ್ತದೆ. ಅಂಕಿಗಳನ್ನು ಮಾತ್ರ ಕೈಯಾರೆ ತಿದ್ದಿ.

ಏನು ತೀರ್ಮಾನ ಆಯಿತು, ಯಾರು ಮಾಡಬೇಕು, ಯಾವಾಗ. ನೋಟ್ಸ್‌ನಲ್ಲಿ ಇಷ್ಟಿದ್ದರೆ ಸಾಕು. ಅವತ್ತೇ ಅದನ್ನು ಆ ಕಡೆಯವರಿಗೂ ಕಳಿಸಿ, ‘ತಪ್ಪಿದ್ದರೆ ತಿಳಿಸಿ’ ಅನ್ನಿ. ಅವರು ಒಪ್ಪಿ, ಕೆಲಸವೂ ಮುಗಿದು, ಲೆಕ್ಕ ಚುಕ್ತಾ ಆದ ಮೇಲೆ ಆಡಿಯೊ ಅಳಿಸಿಬಿಡಿ.