ಬೇಲಿಯನ್ನು ಸವರಿ, ಬೋಳಿಸಬೇಡಿ

ದೀಪಾವಳಿ ಮುಗಿದು ಮಳೆ ಪೂರ್ತಿ ಬಿಟ್ಟ ಮೇಲೆ ಕಾರ್ಕಳ, ಬ್ರಹ್ಮಾವರ, ಬಂಟ್ವಾಳದ ಕಡೆಯ ತೋಟಗಳ ಅಂಚಿನಲ್ಲಿ ಕಳೆ ಕೊಚ್ಚುವ ಯಂತ್ರಗಳ ಸದ್ದು ಏಳುತ್ತದೆ. ಬೆಳಿಗ್ಗೆ ಆಳೆತ್ತರ ಹಸಿರಾಗಿದ್ದ ಬೇಲಿ ಸಂಜೆಯ ಹೊತ್ತಿಗೆ ಮೊಣಕಾಲೆತ್ತರದ ಕುತ್ತಿಗಳ ಸಾಲಾಗಿರುತ್ತದೆ. ಯಜಮಾನರು ಅಂಗಳದಲ್ಲಿ ನಿಂತು ‘ಈಗ ಚೊಕ್ಕವಾಯಿತು’ ಎನ್ನುತ್ತಾರೆ. ಚೊಕ್ಕವಾದದ್ದು ನಿಜ. ಆದರೆ ಎಳನೀರು ಕೊರೆಯುವ ಇಲಿಗಳನ್ನು ಹಿಡಿಯುತ್ತಿದ್ದ ಕೇರೆಹಾವು, ಬಸವನಹುಳು ಹೆಕ್ಕುತ್ತಿದ್ದ ಕೆಂಬೂತ, ತರಗೆಲೆ ಕೆದಕಿ ಹುಳ ತಿನ್ನುತ್ತಿದ್ದ ಹರಟೆಮಲ್ಲಗಳ ತಂಡ ಎಲ್ಲವೂ ಆ ದಿನವೇ ನೆರೆಯವರ ಕಾಡಿನಂಥ ಹಾಡಿ ಸೇರಿರುತ್ತವೆ. ಹಾಗೆಂದು ಬೇಲಿಯನ್ನು ಮುಟ್ಟದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಬುಡ ಬೋಳಾದ ಮರಗಳ ಸಾಲಾಗಿ, ಆಡೂ ದನವೂ ಸಲೀಸಾಗಿ ನುಸುಳುವಂತಾಗುತ್ತದೆ. ಸವರಲೇಬೇಕು, ಎಷ್ಟು, ಯಾವಾಗ, ಹೇಗೆ ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ.

ಮೊದಲು ಬೇಲಿಯನ್ನು ಮೂರು ಪಾಲು ಮಾಡಿ. ನೂರೈವತ್ತು ಮೀಟರ್ ಉದ್ದವಿದ್ದರೆ ವರ್ಷಕ್ಕೆ ಐವತ್ತು ಮೀಟರ್ ಮಾತ್ರ ಸವರಬೇಕು, ಉಳಿದದ್ದನ್ನು ಆ ವರ್ಷ ಕಣ್ಣೆತ್ತಿಯೂ ನೋಡಬಾರದು. ಪಾಲಿನ ಗಡಿಯಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿಡುವುದು ಒಳ್ಳೆಯದು, ಏಕೆಂದರೆ ಕೆಲಸದವರಿಗೆ ಒಮ್ಮೆ ಕೈ ಹತ್ತಿತೆಂದರೆ ಗಡಿ ನೆನಪಿರುವುದಿಲ್ಲ.

ಇನ್ನು ಕಾಲ. ನವೆಂಬರ್ ತಿಂಗಳು ನನ್ನ ಆಯ್ಕೆ. ಸಿಂಪಿಗ, ಕೆಂಬೂತ, ಹುಂಡುಕೋಳಿಗಳ ಮಳೆಗಾಲದ ಗೂಡುಗಳು ಆಗ ಬಹುಮಟ್ಟಿಗೆ ಖಾಲಿಯಾಗಿರುತ್ತವೆ, ಪಿಕಳಾರಗಳು ಇನ್ನೂ ಗೂಡು ಹೊಸೆಯಲು ತೊಡಗಿರುವುದಿಲ್ಲ, ಮಣ್ಣಿನಲ್ಲಿ ಉಳಿದ ಪಸೆಯ ಬಲದಿಂದ ಕಡಿದಲ್ಲಿ ಬೇಗ ಚಿಗುರುತ್ತದೆ. ಸವರದೆ ಬಿಟ್ಟ ಎರಡು ಪಾಲಿನ ಗ್ಲಿರಿಸಿಡಿಯಾ ಜನವರಿ, ಫೆಬ್ರವರಿಯಲ್ಲಿ ಎಲೆ ಉದುರಿಸಿ ನಸುಗೆಂಪು ಹೂ ಬಿಡುವಾಗ ಸೂರಕ್ಕಿಗಳಿಗೂ ಜೇನಿಗೂ ಅದೇ ಊಟ. ಮಳೆಗಾಲದ ಮೊದಲ ಭತ್ತದ ಬೆಳೆಯಾದ ಏಣೆಲಿನ ಗದ್ದೆಗೆ ಜೂನ್‌ನಲ್ಲಿ ಸೊಪ್ಪು ಬೇಕೇಬೇಕೆನ್ನುವವರು ತೋಟದ ಒಳಬದಿಗೆ ಚಾಚಿದ ಕೊಂಬೆಗಳನ್ನಷ್ಟೇ, ಒಳಗೆ ಗೂಡಿಲ್ಲವೆಂದು ಎಲೆ ಸರಿಸಿ ನೋಡಿ, ಕೊಯ್ಯಬಹುದು. ಸಿಂಪಿಗ ಎರಡು ಎಲೆ ಸೇರಿಸಿ ಹೊಲಿದ ಗೂಡು ಮಾರು ದೂರದಿಂದ ಕಾಣುವುದಿಲ್ಲ, ಮೂಗು ತಾಗುವಷ್ಟು ಹತ್ತಿರ ಹೋಗಬೇಕು.

ಕಡಿಯುವುದೇ ಎಲ್ಲರೂ ಕೆಡಿಸುವ ಹಂತ. ಕಳೆ ಕೊಚ್ಚುವ ಯಂತ್ರವು ಹುಲ್ಲಿಗಾಗಿ ಇರುವುದು. ಅದು ಹೆಬ್ಬೆರಳು ದಪ್ಪದ ಕೊಂಬೆಯನ್ನು ಕತ್ತರಿಸುವುದಿಲ್ಲ, ಜಜ್ಜಿ ಸಿಗಿಯುತ್ತದೆ. ಸಿಗಿದ ಕುತ್ತಿಯ ಸೀಳಿನಲ್ಲಿ ಮುಂದಿನ ಮಳೆಗಾಲದ ನೀರು ಇಳಿಯುತ್ತದೆ, ವರ್ಷಕ್ಕೆ 3500 ಮಿ.ಮೀ. ದಾಟಿ ಸುರಿಯುವ ನಮ್ಮಲ್ಲಿ ಅದು ಬುಡದವರೆಗೆ ಕೊಳೆಯಲು ಹೆಚ್ಚು ಕಾಲ ಬೇಕಿಲ್ಲ. ಹಾಗಾಗಿ ಮಸೆದ ಕತ್ತಿಯೇ ಆಗಬೇಕು. ಎಡಗೈಯಲ್ಲಿ ಕೊಂಬೆಯ ತುದಿಯನ್ನು ಹಿಡಿದು ತುಸು ಬಗ್ಗಿಸಿ, ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಓರೆಯಾಗಿ, ಒಂದೇ ಏಟಿಗೆ ಬೀಸಬೇಕು. ಮೇಲಿನಿಂದ ಕೆಳಕ್ಕೆ ಬೀಸಿದರೆ ಕೊಂಬೆ ಬೀಳುವಾಗ ತೊಗಟೆಯನ್ನು ಒಂದು ಗೇಣು ಸುಲಿದುಕೊಂಡೇ ಹೋಗುತ್ತದೆ. ಮಣಿಕಟ್ಟಿಗಿಂತ ದಪ್ಪದ್ದಕ್ಕೆ ಕೈಗರಗಸ ಹಿಡಿದು, ಮೊದಲು ಅಡಿಯಿಂದ ಕಾಲುಭಾಗ ಕೊಯ್ದು ಆಮೇಲೆ ಮೇಲಿನಿಂದ ಕೊಯ್ಯಬೇಕು. ಕಡಿದ ಮುಖ ನೀರು ಜಾರುವಂತೆ ಇಳಿಜಾರಾಗಿರಲಿ. ಎತ್ತರ ಸೊಂಟದ ಮಟ್ಟಕ್ಕಿಂತ ಕೆಳಗಿಳಿಯದಿರಲಿ. ಪ್ರತಿಸಲವೂ ಹಳೆಯ ಗಂಟಿನ ಜಾಗದಲ್ಲೇ ಕಡಿಯದೆ ಅದಕ್ಕಿಂತ ನಾಲ್ಕು ಬೆರಳು ಮೇಲೆ ಕಡಿದರೆ ಚಿಗುರು ದಟ್ಟವಾಗಿ ಬರುತ್ತದೆ. ಬೇಲಿಯ ಅಡಿ ಅಗಲವಾಗಿ, ತಲೆ ಕಿರಿದಾಗಿ ಇರಬೇಕು. ತಲೆ ಅಗಲವಾದರೆ ಬುಡಕ್ಕೆ ಬಿಸಿಲು ತಾಗದೆ ಕೆಳಗಿನ ಕೊಂಬೆಗಳು ಸಾಯುತ್ತವೆ, ಮುಂಗುಸಿಗೂ ಹುಂಡುಕೋಳಿಗೂ ಮರೆ ಬೇಕಾದದ್ದು ಅಲ್ಲಿಯೇ. ಕಡಿದ ಗಾಯಕ್ಕೆ ಬಳಿಯಬೇಕೆಂದು ಅಂಗಡಿಯವರು ಡಬ್ಬಿಯಲ್ಲಿ ಕೊಡುವ ಬಣ್ಣದಂಥ ಮದ್ದನ್ನು ನಾನು ಒಂದು ವರ್ಷ ತಂದು ಬಳಿದಿದ್ದೇನೆ. ಬಳಿದದ್ದೂ ಬಳಿಯದ್ದೂ ಒಂದೇ ವಾರದಲ್ಲಿ ಚಿಗುರಿದವು, ಹೋದದ್ದು ದುಡ್ಡು.

ನಡುನಡುವೆ, ಹತ್ತು ಮಾರಿಗೆ ಒಂದರಂತೆ, ಒಂದು ಗಿಡವನ್ನು ಮರವಾಗಲು ಬಿಡಿ. ಹುಳ ಹತ್ತಿ ಸತ್ತ ಹಾಲುವಾಣವಿದ್ದರೆ, ಅದು ದಾರಿಯ ಮೇಲೆ ಬೀಳುವಂತಿಲ್ಲದ ಪಕ್ಷದಲ್ಲಿ, ಕಡಿಯಬೇಡಿ. ಅಂಥ ಮೆದು ಮರದಲ್ಲಿಯೇ ಕುಟ್ರುಹಕ್ಕಿ ಪೊಟರೆ ಕೊರೆಯುತ್ತದೆ.

ಬುಡಕ್ಕೆ ಕಳೆನಾಶಕ ಹೊಡೆಯುವುದು ನನ್ನ ಮಟ್ಟಿಗೆ ಸರ್ವಥಾ ಕೂಡದು. ಹುಲ್ಲು ಸತ್ತರೆ ಬೇಲಿ ನಿಂತ ದರೆಯ, ಅಂದರೆ ಮಣ್ಣಿನ ದಿಬ್ಬದ, ಮಣ್ಣು ಮೊದಲ ಮಳೆಗೇ ಪಕ್ಕದ ಅಗಳಿಗೆ ಇಳಿಯುತ್ತದೆ. ಕಮ್ಯುನಿಸ್ಟ್ ಗಿಡವೆಂಬ ಕಳೆಯನ್ನು ಮಾತ್ರ ಉಳಿಸಬಾರದು. ಅದು ಡಿಸೆಂಬರ್ ಹೊತ್ತಿಗೆ ಹೂ ಬಿಡುವುದರಿಂದ ಅಕ್ಟೋಬರ್‌ನಲ್ಲಿ, ಮಣ್ಣು ಮೆದುವಾಗಿರುವಾಗಲೇ, ಬೇರುಸಹಿತ ಕಿತ್ತುಬಿಡಬೇಕು.

ಸಂದು ಮುಚ್ಚುವ ಕೆಲಸ ಪತ್ತನಾಜೆಯ, ಅಂದರೆ ಮೇ ಕೊನೆಯ ವಾರದ, ಆಸುಪಾಸಿನದು. ಗ್ಲಿರಿಸಿಡಿಯಾ ಗೂಟವನ್ನು ಒಂದಡಿ ಆಳಕ್ಕೆ, ಬುಡ ಕೆಳಗೆ ಬರುವಂತೆ ಊರಿದರೆ ಮುಗಿಯಿತು. ತಲೆಕೆಳಗಾಗಿ ಊರುವವರೂ ಇರುವುದರಿಂದ ಕಡಿಯುವಾಗಲೇ ಬುಡದ ತುದಿಯನ್ನು ಚೂಪು ಮಾಡಿಡಿ. ಆದರೆ ಇಡೀ ಬೇಲಿ ಅದೊಂದೇ ಆಗಬಾರದು. ಲಕ್ಕಿ, ಆಡುಸೋಗೆಗಳೂ ಗೆಲ್ಲು ಊರಿದರೆ ಬರುತ್ತವೆ. ಕೇಪಳ, ಕರಂಡೆ, ಕುಂಟಲ ನಿಧಾನ ಬೆಳೆದರೂ ಹಣ್ಣು ಕೊಡುವುದು ಅವೇ. ಈಶ್ವರಿ ಬಳ್ಳಿಯೊಂದನ್ನು ಹಬ್ಬಿಸಿದರೆ ನಮ್ಮ ರಾಜ್ಯದ ಚಿಟ್ಟೆಯಾದ, ಹಳದಿ ಕಪ್ಪು ರೆಕ್ಕೆಯ ಆ ದೊಡ್ಡ ಚಿಟ್ಟೆ ಮೊಟ್ಟೆಯಿಡಲು ಬರುವ ಸಾಧ್ಯತೆಯುಂಟು, ಅದರ ಮರಿಹುಳ ತಿನ್ನುವುದು ಆ ಜಾತಿಯ ಬಳ್ಳಿಗಳ ಎಲೆಯನ್ನೇ. ನರ್ಸರಿಯವರು ದಾಟಿಸುವ ಹಳದಿ ಡುರಾಂಟ ಬೇಡ. ತಿಂಗಳಿಗೊಮ್ಮೆ ಕತ್ತರಿಸಿ ಗೋಡೆಯಂತೆ ಮಾಡಿದ ಅದರಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ.

ನವಿಲು, ಹಂದಿಗಳ ಕಾಟಕ್ಕೆ ಬೇಸತ್ತು ಬೇಲಿಯ ಬುಡಕ್ಕೆ ಹಳೆಯ ಮೀನುಬಲೆ ಸುತ್ತುವುದು ಕಡಲ ಬದಿಯ ಊರುಗಳಲ್ಲಿ ಸಾಮಾನ್ಯ. ನಮ್ಮ ತರಕಾರಿ ಸಾಲಿಗೂ ಸುತ್ತಿದ್ದೆವು. ಒಂದು ಮಧ್ಯಾಹ್ನ ಅದರಲ್ಲಿ ಆರಡಿಯ ಕೇರೆ ಸಿಕ್ಕಿಬಿದ್ದಿತ್ತು, ನೈಲಾನ್ ಎಳೆ ಹುರುಪೆಗಳ ನಡುವೆ ಹೂತಿತ್ತು. ಹೊಲಿಗೆಯ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಲೆ ಹಾಕಲೇಬೇಕಾದರೆ ನೆಲದಿಂದ ಒಂದಡಿ ಮೇಲಿನಿಂದ ಹಾಕಿ, ಬುಡವನ್ನು ಮುಳ್ಳಿನ ಗೆಲ್ಲುಗಳಿಂದ ಮುಚ್ಚಿ.

ಸವರಿದ ಸೊಪ್ಪು ತೆಂಗಿನ ಬುಡಕ್ಕೆ ಹೋಗಲಿ, ಕಡ್ಡಿಗಳನ್ನು ಬೇಲಿಯ ನೆರಳಲ್ಲೇ ರಾಶಿ ಹಾಕಿ. ಗೊಬ್ಬರಕ್ಕೆಂದು ಸುಡುಮಣ್ಣು ಮಾಡುವವರು ಮಾತ್ರ ಆ ರಾಶಿಗೆ ಇದ್ದಲ್ಲಿಯೇ ಬೆಂಕಿ ಇಡಬಾರದು. ಎರಡು ತಿಂಗಳು ಬಿದ್ದ ರಾಶಿಯಲ್ಲಿ ಕಪ್ಪೆಯಿಂದ ಹಿಡಿದು ಹಾವಿನವರೆಗೆ ಯಾರೆಲ್ಲ ಬಿಡಾರ ಹೂಡಿರುತ್ತಾರೋ ತಿಳಿಯದು. ಸುಡುವ ದಿನ ಬೆಳಿಗ್ಗೆ ಉದ್ದನೆಯ ಕೋಲಿನಿಂದ ಕಡ್ಡಿಗಳನ್ನು ಎಳೆದೆಳೆದು ಬೇರೆ ಜಾಗದಲ್ಲಿ ಒಟ್ಟಿ, ಆಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡಬೇಕು.