ಕ್ಯಾಂಡಿ ನೋಡಬೇಕೇ? ಪೂಜೆಯ ವೇಳೆ ಹಿಡಿದು ಹೊರಡಿ

ಶ್ರೀಲಂಕಾ ಪ್ರವಾಸದ ಪ್ಯಾಕೇಜುಗಳಲ್ಲಿ ಕ್ಯಾಂಡಿಗೆ ಹೆಚ್ಚಾಗಿ ಸಿಗುವುದು ಅರ್ಧ ದಿನ. ಬಸ್ಸು ನಡುಮಧ್ಯಾಹ್ನ, ಬುದ್ಧನ ಹಲ್ಲನ್ನಿಟ್ಟು ಪೂಜಿಸುವ ದಂತಧಾತು ದೇಗುಲದ ಮುಂದೆ ಇಳಿಸುತ್ತದೆ. ಆ ಹೊತ್ತಿಗೆ ಒಳಗುಡಿಯ ಬಾಗಿಲು ಹಾಕಿರುತ್ತದೆ. ಜನ ಹಾಕಿದ ಬಾಗಿಲಿಗೇ ಕೈಮುಗಿದು, ಕೆರೆಯ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಅಷ್ಟು ದೂರ ಹೋಗಿ ಹೀಗೆ ಮರಳುವುದು ನನಗಂತೂ ಸಂಕಟದ ವಿಷಯ. ಪೂಜೆಯ ವೇಳೆಯನ್ನು ಮೊದಲು ಗೊತ್ತುಮಾಡಿಕೊಳ್ಳಿ, ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ. ಎರಡು ರಾತ್ರಿ ಉಳಿದರೆ ಸಾಕು.

ಹೋಗುವುದು ಹೇಗೆ

ಕೊಲಂಬೊದಿಂದ ಕ್ಯಾಂಡಿಗೆ ಸುಮಾರು 115 ಕಿ.ಮೀ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಹೊರಡುವ ರೈಲಿಗೆ ಎರಡೂವರೆಯಿಂದ ಮೂರು ತಾಸು. 1867ರಲ್ಲೇ ಶುರುವಾದ ಮಾರ್ಗ ಇದು. ರಂಬುಕ್ಕನ ದಾಟಿದ ಮೇಲೆ ಕಡುಗಣ್ಣಾವ ಘಟ್ಟ ಹತ್ತುತ್ತದೆ. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ, ಕಣಿವೆ ಕಾಣುವುದು ಆ ಕಡೆ. ಮುಂಗಡ ಸೀಟುಗಳು ಬೇಗ ಮುಗಿಯುತ್ತವೆ. ಜೋರು ಮಳೆಗೆ ಗುಡ್ಡ ಕುಸಿದು ರೈಲು ನಿಲ್ಲುವುದುಂಟು, ಹಾಗಾಗಿ ಹೊರಡುವ ಮುನ್ನ ವಿಚಾರಿಸಿ. ರೈಲಿಲ್ಲದಿದ್ದರೆ ಬಸ್ಸು ಇದ್ದೇ ಇದೆ.

ಪಾಸ್‌ಪೋರ್ಟ್ ಸದಾ ಜೊತೆಗಿರಲಿ. ದೇಗುಲದ ಟಿಕೆಟ್ ಕೌಂಟರಿನಲ್ಲಿ ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ದರವಿದೆ, ಕೇಳಿ ಪಡೆಯಿರಿ. ಹುಣ್ಣಿಮೆಯ ದಿನ, ಅಂದರೆ ಪೋಯ, ದೇಶಕ್ಕೆಲ್ಲ ರಜೆ. ಆ ದಿನ ದೇಗುಲಕ್ಕೆ ಬಿಳಿಬಟ್ಟೆ ಉಟ್ಟ ಸಾವಿರಾರು ಜನ ಬರುತ್ತಾರೆ. ಭಕ್ತಿಯಿಂದ ಹೋಗುವವರಿಗೆ ಅದು ಒಳ್ಳೆಯ ದಿನ, ಕೈಯಲ್ಲಿ ಮಕ್ಕಳಿದ್ದವರಿಗೆ ಅಲ್ಲ.

ಮೊದಲ ಸಂಜೆ: ದಳದಾ ಮಾಳಿಗಾವ (ದಂತಧಾತು ದೇಗುಲ)

ಇಲ್ಲಿ ದಿನಕ್ಕೆ ಮೂರು ಪೂಜೆ: ಬೆಳಿಗ್ಗೆ 5.30, 9.30, ಸಂಜೆ 6.30. ಪೂಜೆಗೆ 'ತೇವಾವ' ಅನ್ನುತ್ತಾರೆ. ಮೊದಲ ಸಲ ಹೋಗುವವರಿಗೆ ಸಂಜೆಯ ಪೂಜೆಯೇ ಸರಿ. ಐದೂವರೆಗೆ ಅಲ್ಲಿರಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಬಿಳಿಯದಾದರೆ ಇನ್ನೂ ಚೆಂದ. ತಪಾಸಣೆ ಮುಗಿಸಿ, ಚಪ್ಪಲಿ ಬಿಟ್ಟು, ಹೊರಗಿನ ಅಂಗಡಿಯಲ್ಲಿ ತಾವರೆಯನ್ನೋ ನೀಲಿ ನೈದಿಲೆಯನ್ನೋ ಕೊಂಡು ಒಳಗೆ ಹೋಗಿ.

ಕೆಳಗಿನ ಮಂಟಪದಲ್ಲಿ ಡೋಲು, ಓಲಗ ಶುರುವಾದಾಗ ಎಲ್ಲರೂ ಮೊಬೈಲ್ ಹಿಡಿದು ಅಲ್ಲೇ ನಿಂತುಬಿಡುತ್ತಾರೆ. ನೀವು ಮೆಟ್ಟಿಲು ಹತ್ತಿ ಮೇಲಿನ ಸಾಲಿಗೆ ಸೇರಿಕೊಳ್ಳಿ, ಡೋಲಿನ ಸದ್ದು ಅಲ್ಲಿಗೂ ಕೇಳುತ್ತದೆ. ಬಾಗಿಲು ತೆರೆದ ಮೇಲೆ ಸಾಲು ನಿಲ್ಲದೆ ಸರಿಯುತ್ತದೆ, ದರ್ಶನ ಕೆಲವೇ ಕ್ಷಣ. ಕಾಣುವುದು ಬುದ್ಧನ ಹಲ್ಲಲ್ಲ, ಸ್ತೂಪದ ಆಕಾರದ ಚಿನ್ನದ ಕರಂಡಕ. ಅದರೊಳಗೆ ಒಂದರೊಳಗೊಂದು ಕರಂಡಕಗಳು, ಎಲ್ಲಕ್ಕಿಂತ ಒಳಗೆ ಧಾತು. ಹೂವನ್ನು ಮುಂದಿನ ಮೇಜಿನ ಮೇಲಿಟ್ಟು ಸರಿದು, ಪಕ್ಕದಲ್ಲಿ ಎಲ್ಲಾದರೂ ಕುಳಿತುಕೊಳ್ಳಿ. ಊರಿನ ಅಜ್ಜಿಯರು ಕಣ್ಣುಮುಚ್ಚಿ ಪಠಿಸುವುದನ್ನು ನೋಡುತ್ತಾ ಅರ್ಧ ತಾಸು ಕೂತರೆ, ಈ ದೇಗುಲ ಈ ನಾಡಿಗೆ ಏನೆಂಬುದು ಮನಸ್ಸಿಗೆ ಇಳಿಯುತ್ತದೆ. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ, ಅಲ್ಲಿನವರಿಗೆ ಅದು ನಿಜಕ್ಕೂ ನೋವುಂಟುಮಾಡುತ್ತದೆ.

ಹಿಂಬದಿಯ ಹೊಸ ಮಂದಿರದ ಚಿತ್ರಗಳಲ್ಲಿ ಧಾತುವಿನ ಕಥೆಯಿದೆ. ನಾಲ್ಕನೇ ಶತಮಾನದಲ್ಲಿ ಕಳಿಂಗದ ರಾಜಕುಮಾರಿ ಹೇಮಮಾಲಾ ಅದನ್ನು ಮುಡಿಯಲ್ಲಿ ಅಡಗಿಸಿ ಗಂಡ ದಂತನೊಡನೆ ಲಂಕೆಗೆ ತಂದಳಂತೆ. 1998ರಲ್ಲಿ ಎಲ್‌ಟಿಟಿಇ ಲಾರಿ ಬಾಂಬ್ ಸಿಡಿಸಿದಾಗ ದೇಗುಲದ ಮುಂಭಾಗ ಪುಡಿಯಾಗಿತ್ತು. ಇಂದು ಕಾಣುವುದು ಮತ್ತೆ ಕಟ್ಟಿದ್ದು.

ಪಕ್ಕದ ಮಗುಲ್ ಮಡುವ ಮಾತ್ರ ಹಗಲಿನಲ್ಲಿ ನೋಡಬೇಕಾದದ್ದು. ಕೆತ್ತಿದ ಮರದ ಕಂಬಗಳ ಈ ರಾಜಸಭೆಯಲ್ಲೇ 1815ರ ಮಾರ್ಚ್ 2ರಂದು ಕ್ಯಾಂಡಿ ರಾಜ್ಯ ಬ್ರಿಟಿಷರ ಪಾಲಾಯಿತು. ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ ದಕ್ಷಿಣ ಭಾರತದ ನಾಯಕರ ಮನೆತನದವನು. ಎದುರಿಗಿರುವ ಕೆರೆ ಕಟ್ಟಿಸಿದವನೂ ಅವನೇ. ಸೆರೆಯಾಳಾಗಿ ವೆಲ್ಲೂರಿಗೆ ಬಂದು 1832ರಲ್ಲಿ ಅಲ್ಲೇ ತೀರಿಕೊಂಡ. ಆಸ್ಪತ್ರೆಗೆಂದು ಬೆಂಗಳೂರಿನಿಂದ ವೆಲ್ಲೂರಿಗೆ ಹೋಗುವವರು ಬಿಡುವಾದರೆ ಪಾಲಾರ್ ದಂಡೆಯ ಅವನ ಸಮಾಧಿಯನ್ನೂ ನೋಡಿಬನ್ನಿ.

ಮರುದಿನ ಬೆಳಿಗ್ಗೆ: ಪೆರಾದೆನಿಯ

ಊರಿನಿಂದ ಆರೇಳು ಕಿ.ಮೀ. ದೂರದ ಈ ಸಸ್ಯೋದ್ಯಾನಕ್ಕೆ ಬಾಗಿಲು ತೆರೆದ ಕೂಡಲೇ ಹೋಗಿ. ಮಧ್ಯಾಹ್ನದ ಸೆಕೆಯಲ್ಲಿ ಅರ್ಧಕ್ಕೇ ಕಾಲು ಸೋಲುತ್ತದೆ. 1821ರಲ್ಲಿ ಶುರುವಾದ ತೋಟ, ವಿಸ್ತೀರ್ಣ 147 ಎಕರೆ. ಮೂರು ಕಡೆಯಿಂದ ಮಹಾವೇಲಿ ನದಿ ಬಳಸಿ ಹರಿಯುತ್ತದೆ. ಲಾಲ್‌ಬಾಗ್ ಇದಕ್ಕಿಂತ ದೊಡ್ಡದೇ, ಆದರೆ ಮರಗಳಿಗೆ ಇಲ್ಲಿ ಸಿಕ್ಕ ಮಳೆ, ತೇವ ನಮಗಿಲ್ಲ.

ಬಾಗಿಲ ಬಳಿಯ ಸಾಂಬಾರ ತೋಟದಿಂದ ಶುರುಮಾಡಿ. ನಂತರ ಆರ್ಕಿಡ್ ಮನೆ, ಅಲ್ಲಿಂದ ರಾಯಲ್ ಪಾಮ್ ಸಾಲುದಾರಿ. ನಡುವಿನ ದೊಡ್ಡ ಹುಲ್ಲುಹಾಸಿನಲ್ಲಿ ಜಾವಾದ ಅತ್ತಿ ಜಾತಿಯ ಮರ ಮನೆಯಗಲಕ್ಕೆ ಹರಡಿಕೊಂಡಿದೆ. ಜೋಡಿ ತೆಂಗಿನ ಸಾಲನ್ನು ತಪ್ಪಿಸಬೇಡಿ. ಜಗತ್ತಿನಲ್ಲೇ ಅತಿ ಭಾರದ ಬೀಜ ಅದರದ್ದು. ಮುಂದೆ ಬ್ರಿಟನ್ನಿನ ದೊರೆಯಾದ ಐದನೇ ಜಾರ್ಜ್ ಮತ್ತು ಅವನ ಹೆಂಡತಿ ಮೇರಿ 1901ರಲ್ಲಿ ನೆಟ್ಟ ನಾಗಲಿಂಗದ ಮರವೂ ಇದೆ. ಸಿಂಹಳರು ಇದನ್ನೇ ಸಾಲವೃಕ್ಷವೆಂದು ಭಾವಿಸಿ ವಿಹಾರಗಳಲ್ಲಿ ಬೆಳೆಸುತ್ತಾರೆ. ತಲೆಯೆತ್ತಿದರೆ ಸಾವಿರಾರು ಬಾವಲಿಗಳು. ಮೂರು ತಾಸಾದರೂ ಬೇಕು.

ಮಧ್ಯಾಹ್ನ: ಮೂರು ಗುಡಿ

ಪೆರಾದೆನಿಯದಿಂದಲೇ ಒಂದು ತ್ರೀವೀಲರ್ ಗೊತ್ತುಮಾಡಿ, ದರ ಮೊದಲೇ ಮಾತಾಡಿಕೊಳ್ಳಿ. ಗಡಲಾದೆನಿಯ, ಲಂಕಾತಿಲಕ, ಎಂಬೆಕ್ಕೆ ಮೂರೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಮೊದಲೆರಡು 14ನೇ ಶತಮಾನದವು. ಗಡಲಾದೆನಿಯದ ಕಲ್ಲುಕಟ್ಟಡ ದ್ರಾವಿಡ ಶೈಲಿಯದು, ನಮ್ಮ ಕಣ್ಣಿಗೆ ತೀರಾ ಪರಿಚಿತ. ಲಂಕಾತಿಲಕ ಬಂಡೆಯ ನೆತ್ತಿಯಲ್ಲಿದೆ.

ಹೊತ್ತು ಕಡಿಮೆಯಿದ್ದರೆ ಎಂಬೆಕ್ಕೆಗೆ ಮಾತ್ರ ಹೋಗಿ. ಕತರಗಾಮ ದೇವರ, ಅಂದರೆ ನಮ್ಮ ಸುಬ್ರಹ್ಮಣ್ಯನ ಗುಡಿ ಅದು. ಮುಂದಿನ ಡೋಲಿನ ಮಂಟಪದ ಮರದ ಕಂಬಗಳ ಒಂದೊಂದು ಮುಖದಲ್ಲೂ ಒಂದೊಂದು ಕೆತ್ತನೆ: ಕುಸ್ತಿಯಾಳುಗಳು, ಹೆಣೆದುಕೊಂಡ ಹಂಸಗಳು, ಮಗುವಿಗೆ ಹಾಲೂಡುವ ತಾಯಿ. ಅವುಗಳ ನಡುವೆ ಎರಡು ತಲೆಯ ಹಕ್ಕಿಯನ್ನು ಹುಡುಕಿ. ಕರ್ನಾಟಕದ ಲಾಂಛನದಲ್ಲಿರುವ ಗಂಡಭೇರುಂಡವೇ ಅದು!

ಸಸ್ಯಾಹಾರಿಗಳಿಗೆ ಒಂದು ಮಾತು. ಇಡಿಯಪ್ಪ, ಆಪ್ಪ, ಬೇಳೆಯ ಸಾರು ಎಲ್ಲೆಡೆ ಸಿಗುತ್ತವೆ. ಆದರೆ ಕಾಯಿಯ ಸಂಬಲಕ್ಕೆ, ಅಂದರೆ ತೆಂಗಿನಕಾಯಿಯ ಚಟ್ನಿಗೆ, 'ಉಂಬಲಕಡ' ಎಂಬ ಒಣಮೀನಿನ ಪುಡಿ ಬೆರೆಸುವುದು ರೂಢಿ. 'ಉಂಬಲಕಡ' ಹಾಕಿದ್ದೀರಾ ಎಂದು ಕೇಳಿಯೇ ತಟ್ಟೆಗೆ ಬಡಿಸಿಕೊಳ್ಳಿ.

ಪೆರಹೆರಕ್ಕೆ ಹೋಗುವವರಿಗೆ

ಜುಲೈ–ಆಗಸ್ಟಿನ ಎಸಳ ಪೆರಹೆರ ಹತ್ತು ರಾತ್ರಿಗಳ ಮೆರವಣಿಗೆ. ಚಾಟಿ ಬೀಸುವವರು, ಪಂಜು ಹಿಡಿದವರು, ಕ್ಯಾಂಡಿ ಕುಣಿತದವರು ಮುಂದೆ, ಸಿಂಗರಿಸಿದ ಆನೆಗಳು ಹಿಂದೆ. ಕೊನೆಯ ಐದು ರಾತ್ರಿ ವೈಭವ ಹೆಚ್ಚು, ಜನವೂ ಹೆಚ್ಚು. ಕೋಣೆಯನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಕುರ್ಚಿಗೆ ದುಬಾರಿ ದರವಿರುತ್ತದೆ. ಹಣ ಕೊಡದೆ ಫುಟ್‌ಪಾತಿನಲ್ಲಿ ಕೂರುವುದಾದರೆ ಮಧ್ಯಾಹ್ನವೇ ಜಾಗ ಹಿಡಿದು, ನೀರು, ತಿಂಡಿ, ಕೊಡೆ ಇಟ್ಟುಕೊಂಡಿರಿ. ಒಮ್ಮೆ ಎದ್ದರೆ ಆ ಜಾಗ ಮತ್ತೆ ಸಿಗುವುದಿಲ್ಲ.