ಟಾಲ್ಡ್ ಮೊದಲು, ಹಾರ್ಮ್ ಆಮೇಲೆ: ಬೆಕಾ ಕಣಿವೆಯಲ್ಲಿ ಸೀಡ್ ಮಾಡಿದ ನನ್ನ ಅನುಭವ

ಡಿಸಿಎಸ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್ ಆಟದಲ್ಲಿ ನಮ್ಮ ಗುಂಪಿನ ಬೆಕಾ ಕ್ಯಾಂಪೇನ್ ಮುಗಿಯಿತು. ಲೆಬನಾನ್‌ನ ಬೆಕಾ ಕಣಿವೆಯಲ್ಲಿ ನಮ್ಮ ಕೆಲಸ ಸೀಡ್, ಅಂದರೆ ಶತ್ರುವಿನ ವಾಯುರಕ್ಷಣೆಯನ್ನು ಅಡಗಿಸುವುದು. ಟಾಲ್ಡ್ ಎಂದರೆ ರೇಡಾರ್‌ಗೆ ವಿಮಾನದಂತೆ ಕಾಣುವ ಗ್ಲೈಡರ್, ಒಂದು ಡಿಕಾಯ್ (ಹುಸಿ ಗುರಿ). ಹಾರ್ಮ್ ಎಂದರೆ ರೇಡಾರ್‌ನ ಅಲೆ ಹಿಡಿದು ಹೋಗಿ ಅದನ್ನೇ ಹೊಡೆಯುವ ಕ್ಷಿಪಣಿ. ಎದುರಿಗಿದ್ದದ್ದು ನೆಲದಿಂದ ವಿಮಾನಕ್ಕೆ ಕ್ಷಿಪಣಿ ಬಿಡುವ ಐದು ಎಸ್‌ಎ-6 ಬ್ಯಾಟರಿ, ಹಿಂದೆ ಒಂದು ಎಸ್‌ಎ-2, ಕಣಿವೆ ತುಂಬ ಶಿಲ್ಕಾ ವಿಮಾನ ನಾಶಕ ಗನ್‌ಗಳು. ಕೊನೆಯ ದಾಳಿಯಲ್ಲಿ ಬಾಂಬ್ ಹೊತ್ತು ಹೋದ ನಾಲ್ಕೂ ವಿಮಾನ ವಾಪಸ್ ಬಂದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. "ಆಗಲ್ಲ ಗುರು, ಟಾಲ್ಡ್ ಎಲ್ಲ ಸುಮ್ನೆ ಆಟಿಕೆ" ಎನ್ನುತ್ತಿದ್ದವರೇ ಈಗ ನನ್ನ ಮಿಷನ್ ಫೈಲ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ.

ಡಿಸಿಎಸ್ ಹಾರಿಸುವವರಿಗೆ ಮಿಷನ್ ಎಡಿಟರ್, ಟ್ಯಾಕ್‌ವ್ಯೂ (ಹಾರಾಟದ ದಾಖಲೆ ತೋರಿಸುವ ತಂತ್ರಾಂಶ), ಎಸ್‌ಆರ್‌ಎಸ್ (ರೇಡಿಯೋ ತಂತ್ರಾಂಶ) ಏನೆಂದು ಹೇಳಬೇಕಿಲ್ಲ. ನಮ್ಮ ಗುಂಪಿನ ಮೂರು ನಿಯಮ ಮಾತ್ರ ಗೊತ್ತಿರಲಿ. ಒಂದು, ಎದುರಾಳಿಯ ವಾಯುರಕ್ಷಣೆ ನಡೆಸುವ ಸ್ಕೈನೆಟ್ ಸ್ಕ್ರಿಪ್ಟ್ ಯಾವಾಗಲೂ ಓಡುತ್ತಿರಬೇಕು. ಹಾರ್ಮ್ ಬರುತ್ತಿದೆ ಎಂದು ಗೊತ್ತಾದರೆ ಸ್ಯಾಮ್ (ಇಂಥ ಕ್ಷಿಪಣಿ ಬ್ಯಾಟರಿ) ರೇಡಾರ್ ಆಫ್ ಆಗುತ್ತದೆ. ಎರಡು, ಕೆಂಪು ಕಡೆಗೆ, ಅಂದರೆ ಎದುರಾಳಿಗೆ, ನೆಲದ ಪಡೆ ನಡೆಸುವ ಕಂಬೈನ್ಡ್ ಆರ್ಮ್ಸ್ ಸೀಟಿನಲ್ಲಿ ಒಬ್ಬ ಮನುಷ್ಯ ಕಮಾಂಡರ್ ಇರಬೇಕು. ಮೂರು, ದುಡ್ಡಿನ ಲೆಕ್ಕ. ಹಾರಿಸಿದ ಪ್ರತಿ ಕ್ಷಿಪಣಿಗೂ ಖಾತೆಯಿಂದ ಹಣ ಕಳೆಯುತ್ತದೆ. ಖಾತೆ ಬರಿದಾದರೆ ಕ್ಯಾಂಪೇನ್ ಸೋತಂತೆ.

ಈ ಮೂರನೇ ನಿಯಮವೇ ಎಲ್ಲರನ್ನೂ ಮುಳುಗಿಸುತ್ತಿತ್ತು. ಹಾರ್ಮ್ ಒಂದಕ್ಕೆ ಅಮೆರಿಕದ ವಾಯುಪಡೆ ಹಿಂದೆ ಹೇಳಿದ್ದ ಬೆಲೆ ಸುಮಾರು 2.84 ಲಕ್ಷ ಡಾಲರ್. ಲೆಕ್ಕ ಸುಲಭವಾಗಲಿ ಎಂದು ನಾವು ಮೂರು ಲಕ್ಷ ಎಂದು ಇಟ್ಟಿದ್ದೇವೆ. ಟಾಲ್ಡ್‌ಗೆ ನಮ್ಮದೇ ಬೆಲೆ, ಹಾರ್ಮ್‌ನ ಹತ್ತನೇ ಒಂದು ಪಾಲು. ಎಫ್-16 ಒಂದು ಹೋದರೆ ಮೂರು ಕೋಟಿ ಕಟ್.

ಮೊದಲ ವಾರಗಳಲ್ಲಿ ಎಲ್ಲರೂ ಮಾಡಿದ್ದು ಒಂದೇ. ನಾಲ್ಕು ಎಫ್-16, ತಲಾ ನಾಲ್ಕು ಹಾರ್ಮ್ ಅಂತ ತುಂಬಿಸಿ, ರೇಡಾರ್ ಹುಡುಕುವ ಎಚ್‌ಟಿಎಸ್ ಪಾಡ್‌ನಲ್ಲಿ ಕಂಡದ್ದಕ್ಕೆಲ್ಲ ಹೊಡೆಯುವುದು. ಒಂದು ಸಂಜೆಗೆ ಹದಿನಾರು ಹಾರ್ಮ್, ಹತ್ತಿರ ಹತ್ತಿರ 48 ಲಕ್ಷ ಡಾಲರ್. ಸತ್ತದ್ದು ಹೆಚ್ಚೆಂದರೆ ಎರಡು ರೇಡಾರ್. ಉಳಿದ ಹಾರ್ಮ್‌ಗಳೆಲ್ಲ ಆಫ್ ಆದ ರೇಡಾರ್‌ನ ಅಕ್ಕಪಕ್ಕದ ಮಣ್ಣಿಗೆ. ಕೆಂಪು ಕಮಾಂಡರ್ ಚುರುಕಾದವನು. ನಮ್ಮ ಹಾರ್ಮ್ ಮುಗಿಯುವ ತನಕ ಎಲ್ಲವನ್ನೂ ಆಫ್ ಇಟ್ಟು, ಬಾಂಬ್ ವಿಮಾನಗಳು ಬೆಟ್ಟ ದಾಟಿದ ಮೇಲೆ ಒಟ್ಟಿಗೆ ಆನ್ ಮಾಡುತ್ತಿದ್ದ. ಎರಡು ವಿಮಾನ ಹೋದರೆ ಆರು ಕೋಟಿ. ಇಂಥ ಮೂರು ಸಂಜೆಗೆ ಖಾತೆ ಬರಿದು.

ಆಮೇಲೆ ಕೆಲವರು ತಗ್ಗಿನಲ್ಲಿ ಹೋಗೋಣ ಎಂದರು. 1973ರ ಅಕ್ಟೋಬರ್ ಯುದ್ಧದ ಕಥೆಯೇ ಇದು, ಅಲ್ವಾ? ಎಸ್‌ಎ-6ಗೆ ಸಿಗಬಾರದೆಂದು ಇಸ್ರೇಲಿ ಪೈಲಟ್‌ಗಳು ನೆಲಕ್ಕೆ ಅಂಟಿಕೊಂಡು ಹೋದರು, ಅಲ್ಲಿ ಶಿಲ್ಕಾಗಳು ಕಾದಿದ್ದವು. ನಮಗೂ ಹಾಗೇ ಆಯಿತು. ಬೆಟ್ಟ ಇಳಿದು ಕಣಿವೆಯ ತಳಕ್ಕೆ ಬಂದ ತಕ್ಷಣ ನಾಲ್ಕು ನಳಿಗೆಯ ಗುಂಡಿನ ಮಳೆ. ಆ ದಾರಿ ಎರಡು ಸಲಕ್ಕೆ ಬಿಟ್ಟೆವು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಎಫ್-4ಇಗೆ ಶ್ರೈಕ್ ಎಂಬ ಹಳೆಯ ರೇಡಾರ್ ನಾಶಕ ಕ್ಷಿಪಣಿ ಕಟ್ಟಿಕೊಂಡು ಹೋಗಿದ್ದೆ. ವಿಯೆಟ್ನಾಂನಲ್ಲಿ ಸ್ಯಾಮ್ ಬೇಟೆಯಾಡುತ್ತಿದ್ದ ಅಮೆರಿಕದ ವೈಲ್ಡ್ ವೀಸಲ್ ತಂಡಗಳ ಕೈಯಲ್ಲಿದ್ದದ್ದು ಇದೇ ಆಯುಧ. 1965ರ ಜುಲೈ 24ರಂದು ಎಸ್‌ಎ-2 ಒಂದು ಎಫ್-4ಸಿಯನ್ನು ಬೀಳಿಸಿತು. ಅದೇ ವರ್ಷ ಡಿಸೆಂಬರ್ 22ಕ್ಕೆ ಎಫ್-100ಎಫ್‌ನಲ್ಲಿ ಅಲೆನ್ ಲ್ಯಾಂಬ್ ಮತ್ತು ಜ್ಯಾಕ್ ಡೊನೊವನ್ ಜೋಡಿ ವೈಲ್ಡ್ ವೀಸಲ್‌ಗಳ ಪಾಲಿನ ಮೊದಲ ಸ್ಯಾಮ್ ನೆಲೆಯನ್ನು ಹೊಡೆಯಿತು. ಆಗ ಅವರ ಹತ್ತಿರ ಶ್ರೈಕ್ ಕೂಡ ಇರಲಿಲ್ಲ, ರಾಕೆಟ್ ಇತ್ತು. ರೇಡಾರ್ ತಮ್ಮನ್ನು ನೋಡಲಿ ಎಂದೇ ಎದುರು ನಿಂತು, ಅದು ಎಲ್ಲಿದೆ ಎಂದು ಹುಡುಕಿ, ಅದರ ಮೇಲೇ ಎರಗಿದ ಜನ ಅವರು. ನನಗೆ ಅವರ ಮೇಲಿರುವ ಗೌರವಕ್ಕೆ ಅಳತೆಯಿಲ್ಲ. ಆದರೆ ಶ್ರೈಕ್‌ನ ತೊಂದರೆ ಏನೆಂದರೆ, ಯಾವ ರೇಡಾರ್‌ಗೆ ಯಾವ ಸೀಕರ್ (ರೇಡಾರ್ ಅಲೆ ಹಿಡಿಯುವ ಮೂತಿ) ಎಂದು ನೆಲದ ಮೇಲೇ ತೀರ್ಮಾನಿಸಬೇಕು. ಎಸ್‌ಎ-2ರ ಕ್ಷಿಪಣಿ ಅದಕ್ಕಿಂತ ದೂರ ಹೊಡೆಯುತ್ತದೆ. ರೇಡಾರ್ ಆಫ್ ಮಾಡಿದರೆ ಶ್ರೈಕ್‌ಗೆ ಏನೂ ನೆನಪಿರುವುದಿಲ್ಲ. ನಾಲ್ಕೈದು ಸಂಜೆ ಖುಷಿಯಾಗಿ ಹಾರಿಸಿದೆ. ಕ್ಯಾಂಪೇನ್ ಗೆಲ್ಲುವ ಆಯುಧ ಅದಲ್ಲ.

ನನ್ನ ವಾದ ಶುರುವಾದದ್ದು ಇಲ್ಲಿ. ಗುಂಪಿನಲ್ಲಿ ಎಲ್ಲರೂ ಎಣಿಸುತ್ತಿದ್ದದ್ದು ಎಷ್ಟು ರೇಡಾರ್ ಸತ್ತವು ಅಂತ. ನಾನು ಎಣಿಸಲು ಹೇಳಿದ್ದು ಎಷ್ಟು ನಿಮಿಷ ರೇಡಾರ್ ಕುರುಡಾಗಿತ್ತು ಅಂತ. 1999ರ ಕೊಸೊವೊ ನೋಡಿ. 78 ದಿನದಲ್ಲಿ ನ್ಯಾಟೊ 740ಕ್ಕೂ ಜಾಸ್ತಿ ಹಾರ್ಮ್ ಹಾರಿಸಿತು. ಸರ್ಬಿಯಾದ ಇಪ್ಪತ್ತೈದರಷ್ಟು ಎಸ್‌ಎ-6 ಬ್ಯಾಟರಿಗಳಲ್ಲಿ ನಾಶವಾದದ್ದು ಮೂರೇ. ಆದರೂ ಶತ್ರುವಿನ ಕ್ಷಿಪಣಿಗೆ ಬಿದ್ದ ಪೈಲಟ್ ಇದ್ದ ನ್ಯಾಟೊ ವಿಮಾನಗಳು ಎರಡೇ, ಮಾರ್ಚ್ 27ರ ಎಫ್-117 ಮತ್ತು ಮೇ 2ರ ಎಫ್-16. ರೇಡಾರ್ ಸಾಯಲಿಲ್ಲ, ಆದರೆ ಹೆಚ್ಚು ಹೊತ್ತು ತಲೆ ಎತ್ತಲೂ ಇಲ್ಲ. ಸಪ್ರೆಶನ್ (ಅಡಗಿಸುವುದು) ಎಂದರೆ ಅದೇ. ಕೊಲ್ಲುವುದು ಸಿಕ್ಕರೆ ಲಾಭ.

ಇನ್ನು ತಲೆ ಎತ್ತಿಸುವ ಉಪಾಯ. ಅದು ಇದೇ ಕಣಿವೆಯಲ್ಲಿ 1982ರ ಜೂನ್ 9ರಂದು ನಡೆದಿತ್ತು. ಇಸ್ರೇಲ್ ಮೊದಲು ಕಳಿಸಿದ್ದು ಪೈಲಟ್ ಇಲ್ಲದ ಡ್ರೋನ್ ಮತ್ತು ಡಿಕಾಯ್‌ಗಳನ್ನು. ಸಿರಿಯಾದ ರೇಡಾರ್‌ಗಳು ಅವುಗಳ ಮೇಲೆ ಆನ್ ಆದವು, ಕ್ಷಿಪಣಿ ಖರ್ಚು ಮಾಡಿದವು. ಆಮೇಲೆ ನಿಜವಾದ ದಾಳಿ. 19 ಬ್ಯಾಟರಿಗಳಲ್ಲಿ ಸುಮಾರು 17 ಹೋದವು. 1991ರ ಜನವರಿ 17ರ ರಾತ್ರಿ ಬಾಗ್ದಾದ್ ಮೇಲೂ ಇದೇ ಆಟ. ಬಿಕ್ಯೂಎಂ-74 ಡ್ರೋನ್‌ಗಳು, ನೌಕಾಪಡೆಯ ಟಾಲ್ಡ್‌ಗಳು ಮುಂದೆ, ಎಫ್-4ಜಿ ವೀಸಲ್‌ಗಳು ಹಿಂದೆ. ಮೊದಲ ರಾತ್ರಿಯೇ ಇನ್ನೂರರಷ್ಟು ಹಾರ್ಮ್ ಹಾರಿದವಂತೆ. ಇರಾಕಿಗಳು ಕೆಲವೇ ದಿನದಲ್ಲಿ ರೇಡಾರ್ ಆನ್ ಮಾಡುವುದನ್ನೇ ಕಡಿಮೆ ಮಾಡಿದರು, ಗುರಿಯಿಲ್ಲದೆ ಕ್ಷಿಪಣಿ ಬಿಡತೊಡಗಿದರು.

ನಮ್ಮಲ್ಲಿ ಟಾಲ್ಡ್ ಹೊರಬಲ್ಲದ್ದು ಎಫ್-14. ಇಲ್ಲಿ ಇನ್ನೊಂದು ದುಡ್ಡಿನ ಜಗಳ, ಈ ಸಲ ನಿಜವಾದ ಜೇಬಿನದ್ದು. ಹಿಂದಿನ ಸೀಟಿನಲ್ಲಿ ಕೂರುವವನೂ ಮಾಡ್ಯೂಲ್ (ಆಟದಲ್ಲಿ ಆ ವಿಮಾನದ ಪ್ಯಾಕ್) ಕೊಂಡಿರಬೇಕು, ಆಗ ಅದಕ್ಕೆ ಸುಮಾರು 80 ಡಾಲರ್. "ಗ್ಲೈಡರ್ ಎಸೆಯೋಕೆ 80 ಡಾಲರಾ ಮಗಾ?" ಎಂದು ಇಬ್ಬರು ಕೈ ಎತ್ತಿದರು. ಸೇಲ್ ಬರುವವರೆಗೆ ಕಾದೆವು. ಅಲ್ಲಿವರೆಗೆ ಹಿಂದಿನ ಸೀಟಿನಲ್ಲಿ ಆಟದ ಕಂಪ್ಯೂಟರ್ ಸಹಾಯಕ ಜೆಸ್ಟರ್‌ನನ್ನೇ ಕೂರಿಸಿ ಅಭ್ಯಾಸ ಮಾಡಿದೆ.

ಈಗ ವಿಧಾನ. ಸಮುದ್ರದ ಕಡೆಯಿಂದ ಬರುವಾಗ ಲೆಬನಾನ್ ಪರ್ವತ ಸಾಲು ಅಡ್ಡ ಇರುತ್ತದೆ, ಅತಿ ಎತ್ತರದ ಶಿಖರ 3,088 ಮೀಟರ್. ಎಫ್-14 ಜೋಡಿ ಸಮುದ್ರದ ಮೇಲೆ 30,000 ಅಡಿಗೂ ಮೇಲಿಂದ ಹನ್ನೆರಡರಷ್ಟು ಟಾಲ್ಡ್ ಬಿಟ್ಟು ತಿರುಗುತ್ತದೆ. ಟಾಲ್ಡ್ ತೇಲಿಕೊಂಡು ಕಣಿವೆ ಮುಟ್ಟಲು ಐದಾರು ನಿಮಿಷ. ಎಫ್-16 ಜೋಡಿ ಹಿಂದೆ ಕಾಯುತ್ತದೆ. ಬಾಂಬ್ ಹೊತ್ತ ನಾಲ್ವರು ಪರ್ವತದ ಮರೆಯಲ್ಲಿ.

ಎಸ್‌ಎ-6 ಬ್ಯಾಟರಿಗೆ ಇರುವುದು ಒಂದೇ ಸ್ಟ್ರೈಟ್ ಫ್ಲಶ್ ರೇಡಾರ್. ಅದು ಒಂದು ಸಲಕ್ಕೆ ಒಂದೇ ಗುರಿಯ ಮೇಲೆ ಕ್ಷಿಪಣಿ ನಡೆಸಬಲ್ಲದು. ಕ್ಷಿಪಣಿ ಮುಟ್ಟುವ ತನಕ ಗುರಿಯ ಮೇಲೆ ರೇಡಾರ್ ಕಿರಣ ಹಾಯಿಸುತ್ತಲೇ ಇರಬೇಕು. ನಾಲ್ಕು ಲಾಂಚರ್, ತಲಾ ಮೂರು ಕ್ಷಿಪಣಿ, ಒಟ್ಟು ಹನ್ನೆರಡು. ಟಾಲ್ಡ್ ಮೇಲೆ ಕ್ಷಿಪಣಿ ಬಿಟ್ಟ ಗಳಿಗೆಯಿಂದ ರೇಡಾರ್ ಸಿಕ್ಕಿಹಾಕಿಕೊಂಡಂತೆ. ಆನ್ ಇಟ್ಟರೆ ಹಾರ್ಮ್ ಬರುತ್ತದೆ, ಆಫ್ ಮಾಡಿದರೆ ಹಾರಿದ ಕ್ಷಿಪಣಿ ದಾರಿ ತಪ್ಪುತ್ತದೆ. ಎರಡೂ ನಮಗೆ ಒಳ್ಳೆಯದೇ.

ಮುಖ್ಯ ಮಾತು ಇದು: ಹಾರ್ಮ್ ಬಿಡಲು ರೇಡಾರ್ ಆನ್ ಆಗುವುದನ್ನು ಕಾಯಬಾರದು. ಕಂಡ ಮೇಲೆ ಬಿಟ್ಟರೆ 40 ನಾಟಿಕಲ್ ಮೈಲಿಯಿಂದ ಅದು ತಲುಪಲು ಸುಮಾರು ಎರಡು ನಿಮಿಷ ಬೇಕು, ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಹಾಗಾಗಿ ಪ್ರೀ-ಬ್ರೀಫ್ಡ್ ಮೋಡ್‌ನಲ್ಲಿ, ಗೊತ್ತಿರುವ ಜಾಗಕ್ಕೆ, ಎಲ್ಲ ರೇಡಾರ್‌ಗಳೂ ಆಫ್ ಇರುವಾಗಲೇ ಬಿಡುವುದು. ಟಾಲ್ಡ್ ನೋಡಿ ರೇಡಾರ್ ಆನ್ ಆಗುವ ಹೊತ್ತಿಗೆ ಹಾರ್ಮ್ ಹತ್ತಿರವೇ ಬಂದಿರುತ್ತದೆ. ಎಲ್ಲರೂ ನನ್ನನ್ನು ಬೈದದ್ದು ಇದಕ್ಕೇ. ಏನೂ ಇಲ್ಲದ ಕಡೆಗೆ ಮೂರು ಲಕ್ಷದ ಕ್ಷಿಪಣಿ ಎಸೆಯುವುದಾ ಅಂತ. ಟಾಲ್ಡ್ ಬಿಟ್ಟ ಎಷ್ಟು ಸೆಕೆಂಡಿಗೆ ಮೊದಲ ಹಾರ್ಮ್ ಬಿಡಬೇಕು ಎಂಬ ಅಂಕಿ ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಗಾಳಿ, ಎತ್ತರ ನೋಡಿ ಅದನ್ನು ಹುಡುಕಲು ನನಗೆ ತಿಂಗಳುಗಳೇ ಹಿಡಿದಿವೆ. ಟಾಲ್ಡ್‌ಗಳನ್ನು ಒಂದೇ ಸಾಲಿನಲ್ಲಿ ಬಿಡಬೇಡಿ ಎಂಬಷ್ಟು ಹೇಳುತ್ತೇನೆ. ಹೇಗೆ ಚದುರಿಸುವುದು ಎನ್ನುವುದು ನನ್ನ ಹತ್ತಿರವೇ ಇರಲಿ.

ಆ ಸಂಜೆ ಎಫ್-16ನಲ್ಲಿ ನಾನೇ ಇದ್ದೆ. ಹಾರ್ಮ್ ಬಿಟ್ಟ ಮೇಲೆ ಆರ್‌ಡಬ್ಲ್ಯುಆರ್ (ಶತ್ರು ರೇಡಾರ್ ಆನ್ ಆದರೆ ತೋರಿಸುವ) ಪರದೆ ಖಾಲಿ. ಇಯರ್‌ಫೋನ್‌ನಲ್ಲಿ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ನಿಮಿಷ ಹಾಗೇ. ಆಮೇಲೆ ಎಡಗಡೆ ಒಂದು "6" ಮೂಡಿತು, ಅದರ ಪಕ್ಕ ಇನ್ನೊಂದು, ಬಲಕ್ಕೆ ಮೂರನೆಯದು. ಹೊಸ ರೇಡಾರ್ ಸಿಕ್ಕಾಗಿನ ಆ ಟಿಣ್ ಟಿಣ್ ಸದ್ದು ಒಂದರ ಮೇಲೊಂದು. ದೂರದಲ್ಲಿ ಬೆಟ್ಟದಾಚೆಯಿಂದ ಬಿಳಿ ಹೊಗೆಯ ಗೆರೆಗಳು ಎದ್ದವು, ಎಲ್ಲವೂ ನಮ್ಮನ್ನು ಬಿಟ್ಟು ಟಾಲ್ಡ್‌ಗಳ ಕಡೆಗೆ. ಎಡಗಡೆಯ "6" ಮಾಯವಾಯಿತು, ಮತ್ತೆ ಬರಲಿಲ್ಲ. ಬಲಗಡೆಯದ್ದೂ ಹೋಯಿತು.

ಟ್ಯಾಕ್‌ವ್ಯೂ ತೆರೆದು ನೋಡಿದಾಗ ಲೆಕ್ಕ ಸುಮಾರು ಹೀಗಿತ್ತು. ಆರು ಹಾರ್ಮ್, ಸತ್ತ ಸ್ಟ್ರೈಟ್ ಫ್ಲಶ್ ಎರಡು. ಉಳಿದ ಮೂರು ಬ್ಯಾಟರಿ ಹೆದರಿ ಆಫ್ ಆದವು, ಹನ್ನೊಂದು ನಿಮಿಷದಷ್ಟು ಹಾಗೇ ಇದ್ದವು. ಬಾಂಬ್ ವಿಮಾನಗಳಿಗೆ ಬೇಕಿದ್ದದ್ದು ಏಳು ನಿಮಿಷ. ಎಸ್‌ಎ-2 ತನ್ನ ಕ್ಷಿಪಣಿಗಳನ್ನೆಲ್ಲ ಟಾಲ್ಡ್‌ಗಳ ಮೇಲೇ ಸುರಿದಿತ್ತು. ಖರ್ಚು ಎಲ್ಲ ಸೇರಿ 22 ಲಕ್ಷದ ಆಸುಪಾಸು, ಹಳೆಯ ವಿಧಾನದ ಅರ್ಧಕ್ಕೂ ಕಡಿಮೆ. "ಯಾವುದು ವಿಮಾನ, ಯಾವುದು ಟಾಲ್ಡ್ ಅಂತ ಗೊತ್ತೇ ಆಗ್ಲಿಲ್ಲ ಗುರು" ಎಂದ ಕೆಂಪು ಕಮಾಂಡರ್. ಅದೇ ಅವನು ಕೊಟ್ಟ ಸರ್ಟಿಫಿಕೇಟ್.

ಇನ್ನೊಂದು ಸಣ್ಣ ಪ್ರಯೋಗ ಹೇಳಿಬಿಡುತ್ತೇನೆ. ಹಾರ್ಮ್ ಬಿಡುವಾಗ ರೇಡಿಯೋದಲ್ಲಿ "ಮ್ಯಾಗ್ನಮ್" ಎನ್ನುತ್ತೇವಲ್ಲ. ನಮ್ಮ ಒಂದು ಫ್ರೀಕ್ವೆನ್ಸಿಯನ್ನು ಕೆಂಪು ಕಡೆಯವರು ಕದ್ದು ಕೇಳಲು ನಿಯಮದಲ್ಲಿ ಅವಕಾಶವಿದೆ. ಒಂದು ಸಂಜೆ ಹಾರ್ಮ್ ಇಲ್ಲದ ವಿಮಾನದಿಂದ ಮೂರು ಸಲ "ಮ್ಯಾಗ್ನಮ್" ಎಂದೆ. ಎರಡು ಬ್ಯಾಟರಿ ತಕ್ಷಣ ಆಫ್! ಖರ್ಚು ಸೊನ್ನೆ. ಮುಂದಿನ ವಾರ ಅದು ನಡೆಯಲಿಲ್ಲ, ಅವನಿಗೆ ಗೊತ್ತಾಗಿತ್ತು. ಅವನು ನಂಬದೆ ಆನ್ ಇಟ್ಟುಕೊಂಡು ಕೂತ ದಿನವೇ ನಿಜವಾದ ಹಾರ್ಮ್ ಬಿಟ್ಟೆ. ಸುಳ್ಳನ್ನೂ ನಿಜವನ್ನೂ ಬೆರೆಸಿದರೆ ಮಾತ್ರ ಇದು ಕೆಲಸ ಮಾಡುತ್ತದೆ.

ಮುಂದಿನ ಕ್ಯಾಂಪೇನ್‌ಗೆ ಎದುರಾಳಿ ದೂರ ಹೊಡೆಯುವ ಎಸ್‌-300 ಕ್ಷಿಪಣಿ ವ್ಯವಸ್ಥೆ, ಅದರ ಕಾವಲಿಗೆ ಹತ್ತಿರ ಹೊಡೆಯುವ ಟಾರ್. ಇಲ್ಲಿ ಮೇಲಿನ ಲೆಕ್ಕ ಹಾಗೇ ನಡೆಯುವುದಿಲ್ಲ. ಎಸ್‌-300ರ ರೇಡಾರ್ ಒಂದೇ ಸಲಕ್ಕೆ ಆರು ಗುರಿಗಳ ಮೇಲೆ ಕ್ಷಿಪಣಿ ನಡೆಸುತ್ತದೆ. ಟಾರ್ ಅಂತೂ ಬರುವ ಹಾರ್ಮ್‌ನ್ನೇ ಹೊಡೆದು ಹಾಕುತ್ತದೆ. ನಿಜವಾದ ವಾಯುಪಡೆಗಳ ತಲೆನೋವೂ ಇದೇ. ಉಕ್ರೇನ್ 2022ರಲ್ಲಿ ಮಿಗ್-29ಕ್ಕೇ ಹಾರ್ಮ್ ಕಟ್ಟಿತು, ಮರುವರ್ಷ ಅಲ್ಲಿ ಮಾಲ್ಡ್ ಡಿಕಾಯ್‌ನ ಅವಶೇಷಗಳೂ ಸಿಕ್ಕವು. ಟಾಲ್ಡ್ ತೇಲುತ್ತದೆ ಅಷ್ಟೇ, ಮಾಲ್ಡ್‌ಗೆ ಸ್ವಂತ ಎಂಜಿನ್ ಇದೆ, ನೂರಾರು ಕಿಲೋಮೀಟರ್ ಹೋಗುತ್ತದೆ. ಅಮೆರಿಕ ಹಾರ್ಮ್‌ನ ಹೊಸ, ಜಾಸ್ತಿ ದೂರದ ರೂಪ ತರುತ್ತಿದೆ. ಭಾರತವೂ 2020ರ ಅಕ್ಟೋಬರ್‌ನಲ್ಲಿ ಸುಖೋಯ್-30ರಿಂದ ತನ್ನದೇ ರೇಡಾರ್ ನಾಶಕ ಕ್ಷಿಪಣಿ ರುದ್ರಂ-1 ಹಾರಿಸಿ ನೋಡಿತು. ಪೈಲಟ್ ಹಿಂದೆ ಉಳಿದು, ಪೈಲಟ್ ಇಲ್ಲದ ವಿಮಾನಗಳನ್ನು ಮುಂದೆ ಬಿಡುವ ಕಾಲ ಬರುತ್ತಿದೆ. ಲ್ಯಾಂಬ್, ಡೊನೊವನ್ ತಾವೇ ಗಾಳವಾಗಿ ಮಾಡಿದ ಕೆಲಸವನ್ನು ಇನ್ನು ಯಂತ್ರಗಳು ಮಾಡಲಿ. ನನಗಂತೂ ಅದು ಒಳ್ಳೆಯ ಸುದ್ದಿ.

ಎಸ್‌-300 ಎದುರು ಸಿಂಗಲ್ ಪ್ಲೇಯರ್‌ನಲ್ಲಿ ಪರೀಕ್ಷೆ ಶುರು ಮಾಡಿದ್ದೇನೆ. ಟಾಲ್ಡ್ ಇಪ್ಪತ್ತಕ್ಕೂ ಜಾಸ್ತಿ, ಹಾರ್ಮ್ ಎಂಟು, ಅದರಲ್ಲಿ ಐದಾರನ್ನು ಟಾರ್ ತಿಂದು ಹಾಕುತ್ತಿದೆ. ಟಾರ್‌ನ್ನು ಮೊದಲು ಖಾಲಿ ಮಾಡಿಸುವ ಒಂದು ಕ್ರಮ ಸಿಗುತ್ತಿದೆ, ಪೂರ್ತಿ ಕೂಡಿ ಬಂದ ಮೇಲೆ ಬರೆಯುತ್ತೇನೆ. ಈ ನಡುವೆ ಹೊಸ ಕ್ಯಾಂಪೇನ್‌ನಲ್ಲಿ ಟಾಲ್ಡ್ ಬೆಲೆಯನ್ನು ಹಾರ್ಮ್‌ನ ಅರ್ಧಕ್ಕೆ ಏರಿಸಬೇಕು ಎಂದು ಕೆಂಪು ಕಡೆಯವರು ಪಟ್ಟು ಹಿಡಿದಿದ್ದಾರೆ. ನಾನು ಒಪ್ಪಿಲ್ಲ.